ಎಡಗೈ ಕುದುರೆ

ಕೋವಿಯ ತಲೆಯ ಮೇಲಿನ ಕೊಕ್ಕನ್ನು ಕುದುರೆ ಅಂತಾರೆ.
ಎಳೆದರೆ ಹಿಂಗಾಲ ಮೇಲೆ ನಿಲ್ಲುತ್ತದೆ,
ಬಿಟ್ಟರೆ ಮುಂದಕ್ಕೆ ಮುಗ್ಗರಿಸುತ್ತದೆ.
ಅದಕ್ಕೇ ಇರಬೇಕು.

ನಾನು ಜೀನ್ಸ್ ಯೂನಿಟ್ಟಿನ ಮಿಷನ್ ರಿಪೇರಿಯವನು,
ಬಳ್ಳಾರಿ ಕೌಲ್ ಬಜಾರ್, ರೈಲ್ವೆ ಗೇಟಿನ ಈಚೆ.
ನಲವತ್ತು ಮಿಷನ್ನುಗಳ ಕೆಮ್ಮು ಕೇಳಿಯೇ
ಯಾವುದಕ್ಕೆ ಏನು ರೋಗ ಅಂತ ಹೇಳಬಲ್ಲೆ.
ಕೋವಿಯ ಕೆಮ್ಮು ಮಾತ್ರ ಗೊತ್ತಿರಲಿಲ್ಲ.

ಅಕ್ಕನ ಮಗಳು ಹುಲಿಗಿ ಕೇಳಿದ್ದು ಇಷ್ಟೇ:
"ಅಂಗಡ್ಯಾಗಿನ ಸ್ಪಂಜಿನ ಗನ್ನು ಎಲ್ಲಾ ಬಲಗೈಯವು, ಮಾವ.
ನಂದು ಎಡ."

ದಸ್ತಗಿರಿ ಚಾಚಾ ಗೇಟಿನ ಆಚೆ ಬೀಗ ರಿಪೇರಿ ಮಾಡುತ್ತಾರೆ.
ಹಿಂದೆ ತೋಟ ಕಾಯುವವರ ನಾಡಕೋವಿ ರಿಪೇರಿ.
ಎಣ್ಣೆಬಟ್ಟೆ ಬಿಚ್ಚಿ ಒಂದು ಚಕಮಕಿ ಬೀಗ ತೆಗೆದರು,
ನಳಿಗೆಯಿಲ್ಲ, ಹಿಡಿಯಿಲ್ಲ, ಅಂಗೈಯಗಲದ ತಗಡು,
ಅದರ ಮೇಲೆ ಸೊಟ್ಟ ಕತ್ತಿನ ಕುದುರೆ,
ಮುಂದೆ ಬೆರಳುಗುರಿನಷ್ಟು ರಂಜಕದ ಬಟ್ಟಲು.
ಅದೂ ಬಲಗಡೆಯದೇ.

ಯೂನಿಟ್ಟಿನ ಟ್ರಯಲ್ ಕನ್ನಡಿಯ ಮುಂದೆ ಹಿಡಿದೆವು.
ಪ್ಯಾಂಟಿನ ಅಳತೆ ಕತ್ತರಿಸುವ ದಪ್ಪ ರಟ್ಟಿನ ಮೇಲೆ
ಕೈಯಲ್ಲಿರುವುದನ್ನು ಬಿಟ್ಟು
ಕನ್ನಡಿಯೊಳಗಿನದನ್ನು ಬರೆದುಕೊಂಡೆ.

ಆಮೇಲೆ ಒಂದೂವರೆ ತಿಂಗಳು.
ಅರ್ಧ ಇಂಚಿನ ನೀರಿನ ಪೈಪು ನಳಿಗೆಗೆ,
ಸೈಕಲ್ ಪಂಪಿನ ಚರ್ಮದ ವಾಷರು, ಕೊಬ್ಬರಿ ಎಣ್ಣೆ,
ಸತ್ತುಹೋದ ಓವರ್‌ಲಾಕ್ ಮಿಷನ್ನಿನ ಸ್ಪ್ರಿಂಗು.
ಕುದುರೆಯ ಬಾಯಿಗೆ ಚಕಮಕಿ ಕಲ್ಲಿಲ್ಲ,
ಜೀನ್ಸಿನ ಹಿತ್ತಾಳೆ ಗುಂಡಿ,
ಅಲ್ಲಾಡದಂತೆ ಒಂದು ಚೂರು ಡೆನಿಮ್.
ಕಿಡಿಯೇನೂ ಹಾರುವುದಿಲ್ಲ. ನೋಡೋಕೆ ಅಷ್ಟೇ.
ಏಸಿ ಪೈಪಿನ ಮೇಲೆ ಸುತ್ತುವ ಫೋಮು ಕೊಯ್ದು ಹನ್ನೆರಡು ಗುಂಡು,
ಒಂದೊಂದರ ತುದಿಗೂ ಹತ್ತಿ ತುಂಬಿದ ನೀಲಿ ಟೋಪಿ.
ಟೋಪಿ ಹೊಲಿದವಳು ಹುಲಿಗಿ, ಎಡಗೈಲಿ,
ಹೊಲಿಗೆ ಎಲ್ಲಾ ಉಲ್ಟಾ ಓಡಿದೆ.

ಒಳಗಿನ ಗಾಲಿಗೆ ಎರಡು ಗಾಟು ಕೊರೆಯಬೇಕು.
ಒಂದು ಅರ್ಧ ಎಳೆತಕ್ಕೆ, ಒಂದು ಪೂರ್ತಿಗೆ.
ಅರ್ಧದಲ್ಲಿ ನಿಂತ ಕುದುರೆ
ಕುಟ್ಟಿದರೂ ಒದ್ದರೂ ಹಾರಬಾರದು.
ನಾನು ಕೊರೆದದ್ದು ಹಾರಿತು.
ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದ ಸುಂಕಣ್ಣನ ತಟ್ಟೆಯಲ್ಲಿ
ಮಿರ್ಚಿ ಪಕ್ಕ ಹೋಗಿ ಕೂತಿತು ಗುಂಡು.
ಇಡೀ ಯೂನಿಟ್ಟು ನಕ್ಕಿತು.
ಚಾಚಾ ನಗಲಿಲ್ಲ.

ಅವರ ಬಲಗಿವಿ ಹೋದದ್ದು ಹೀಗೆಯೇ ಅಂತೆ,
ಅರ್ಧದಲ್ಲಿ ನಿಲ್ಲಬೇಕಾದದ್ದು ನಿಲ್ಲದೆ.
"ಬೆಂಚಿನ ಮೇಲಿತ್ತು, ಯಾರೂ ಮುಟ್ಟಿರಲಿಲ್ಲ" ಅಂದರು.
ಮುಂದೆ ಹೇಳಲಿಲ್ಲ.
ಎದುರಿಗೆ ಆಗ ಯಾರಿದ್ದರು ಅಂತ
ನಾನೂ ಕೇಳಲಿಲ್ಲ.

ಅರ ಹಿಡಿದು ಕೂತರು. ಮೂರು ಸಂಜೆ.
ಎರಡು ಉಜ್ಜು, ಒಂದು ಊದು, ಮತ್ತೆ ಎರಡು ಉಜ್ಜು.
ಮಿಷನ್ನುಗಳ ಗದ್ದಲಕ್ಕೆ ಇರುವ ಕಿವಿಯೂ ಸಾಲದೆ
ತಗಡಿನ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದರು,
ಹೆಬ್ಬೆರಳಲ್ಲಿ ಕುದುರೆ ಎಳೆದರು.
ಟಿಕ್.
ಕಣ್ಣು ಮುಚ್ಚಿದರು.
ಟಿಕ್.
"ಎರಡನೇದು ಕೇಳಾಕತ್ತೈತಿ ನೋಡು" ಅಂದರು ಕಚ್ಚಿಕೊಂಡೇ,
ನಾನು ಕೇಳಿಸಿಕೊಂಡೆ
ಹಲ್ಲಿನ ಸಂದಿನಿಂದ.

ಭಾನುವಾರ ಮಿಷನ್ನು ಬಂದ್.
ಕಾನೂನು ಹುಲಿಗಿಯದು:
ಗುಂಡು ತಗುಲಿದವರೇ ಗುಂಡು ಹೆಕ್ಕಿ ತಂದು
ಹೊಡೆದವರ ಕೈಗೆ ಕೊಡಬೇಕು.
ಮೊದಲ ಹೊಡೆತ ಚಾಚಾನ ಎದೆಗೆ,
ಜೇಬಿನ ಕನ್ನಡಕದ ಪೆಟ್ಟಿಗೆಯ ಮೇಲೆ, ಟಪ್.
ಒಂದು ಗಳಿಗೆ ಅವರು ಅಲ್ಲೇ ನಿಂತರು,
ಕೈ ತಂತಾನೆ ಬಲಗಿವಿಗೆ ಹೋಗಿತ್ತು.
ಆಮೇಲೆ ಮೊಣಕಾಲು ಹಿಡಿದು ಬಗ್ಗಿ
ಕಟಿಂಗ್ ಟೇಬಲ್ಲಿನ ಕೆಳಗೆ ತಡಕಾಡಿ,
ನೂಲು ಮೆತ್ತಿದ ಗುಂಡನ್ನು ಊದಿ
ಅವಳ ಎಡಗೈಗೆ ಇಟ್ಟರು.
"ಇದನ್ನ ವಾಪಸ್ ಕೊಡಬಹುದಲ್ಲ" ಅಂದರು,
ನನಗೋ, ಅವಳಿಗೋ, ಇನ್ಯಾರಿಗೋ.

ಸಂಜೆ ಎಣಿಸಿದರೆ ಹನ್ನೊಂದು.
ಮಿಷನ್ನು ಸರಿಸಿದೆವು, ಚೀಲ ಝಾಡಿಸಿದೆವು, ಇಲ್ಲ.
ಸೋಮವಾರ ಬೆಳಿಗ್ಗೆ ಆರು ಬಂಡಲ್ ಪ್ಯಾಂಟು
ಲಾರಿ ಹತ್ತಿ ಹೋದವು.
ಎಲ್ಲೋ ಯಾವನೋ ಹೊಸ ಪ್ಯಾಂಟಿನ ಜೇಬಿಗೆ
ಚಿಲ್ಲರೆಗಂತ ಕೈ ಹಾಕಿ
ನೀಲಿ ಟೋಪಿಯ ಮೆತ್ತನೆಯದೊಂದನ್ನು ತೆಗೆದು
ಉಲ್ಟಾ ಹೊಲಿಗೆ ನೋಡುತ್ತಾ ನಿಂತಿರಬೇಕು.

ತಗುಲಿದ್ದು ಅವನಿಗೆ.
ವಾಪಸ್ ತರೋದೂ ಅವನೇ ಅಂತಾಳೆ ಹುಲಿಗಿ.